ಹಿತ್ಲ ಕೊಳಕ್ಕೆ ನೆಲದಡಿ ನೀರು, ಕರೆಂಟು ಎಳೆದಿದ್ದು – ನನ್ನ ಅನುಭವ

ಶಿವಮೊಗ್ಗ ಜಿಲ್ಲೆ ಸಾಗರದ ಹತ್ರ ನಮ್ಮನೆ ಹಿತ್ಲಲ್ಲಿ ತಾವರೆಗೆ, ಮೀನಿಗೆ ಅಂತ ಒಂದು ಕೊಳ ಮಾಡ್ಕೊಂಡಿದೀವಿ, 10 ಅಡಿ ಉದ್ದ, 6 ಅಡಿ ಅಗಲ, 2 ಅಡಿ ಆಳ, ಸುಮಾರು 3400 ಲೀಟರ್ ನೀರು ಹಿಡಿಯತ್ತೆ. ಮೊದಲ ವರ್ಷ ಹೋಸ್ ಪೈಪಲ್ಲಿ ತುಂಬಿಸ್ತಿದ್ವಿ, ಪಂಪಿಗೆ ಅಡುಗೆಮನೆ ಕಿಟಕಿಯಿಂದ ಎಕ್ಸ್‌ಟೆನ್ಶನ್ ಬಾಕ್ಸು. ಮಗಳು ಒದ್ದೆ ಕಾಲಲ್ಲಿ ಆ ವೈರ್ ದಾಟ್ಕೊಂಡು ಓಡಿದ್ದು ನೋಡಿದ ದಿನಾನೇ ಅದನ್ನ ಕಿತ್ತೆ.

ಮನೆಯಿಂದ ಕೊಳಕ್ಕೆ 55 ಅಡಿ. ನಮ್ದು ಜಂಬಿಟ್ಟಿಗೆ ನೆಲ, ಬೇಸಿಗೇಲಿ ಪಿಕಾಸಿ ಇಳಿಯಲ್ಲ, ಮಳೆಗಾಲದಲ್ಲಿ ತೋಡಿದಷ್ಟೂ ನೀರು ತುಂಬತ್ತೆ, ಅದಕ್ಕೇ ತೇವ ಆರೋದ್ರೊಳಗೆ ನವೆಂಬರಲ್ಲೇ ಅಗೆಸಿದ್ವಿ. ನೀರಿನ ಪೈಪು, ಕರೆಂಟಿನ ಕೇಬಲ್ಲು ಎರಡೂ ಒಟ್ಟಿಗೇ ಹಾಕ್ಬಿಡಣ ಅಂತಿದ್ದೆ, ಎಲೆಕ್ಟ್ರಿಷಿಯನ್ ಒಪ್ಲಿಲ್ಲ. "ಅಣ್ಣಾ, ನಾಳೆ ಪೈಪು ಸೋರಿದ್ರೆ ರಿಪೇರಿಗೆ ಬಂದೋನು ನಿಮ್ಮ ಕೇಬಲ್ಲಿಗೇ ಹಾರೆ ಹಾಕ್ತಾನೆ" ಅಂದ. ಸರಿ ಅಂತ ಮೆಟ್ಲು ಥರ ಅಗೆಸಿದ್ವಿ, ಒಂದು ಕಡೆ ಎರಡೂವರೆ ಅಡಿ ಆಳ ಕೇಬಲ್ಲಿಗೆ, ಪಕ್ಕಕ್ಕೆ ಒಂದಡಿ ಬಿಟ್ಟು ಒಂದೂವರೆ ಅಡಿ ಆಳದಲ್ಲಿ ಪೈಪಿಗೆ.

ಕೇಬಲ್ ವಿಷಯದಲ್ಲಿ ದಯವಿಟ್ಟು ದುಡ್ಡು ಉಳಿಸ್ಬೇಡಿ. ಪಂಪು ಬರೀ 40 ವ್ಯಾಟು, ಆದ್ರೂ 2.5 ಸ್ಕ್ವೇರ್ ಎಂಎಂ ಮೂರು ಕೋರಿನ ಆರ್ಮರ್ಡ್ (ಒಳಗಿನ ವೈರುಗಳ ಸುತ್ತ ಉಕ್ಕಿನ ತಂತಿ ಕವಚ ಇರೋ) ಕೇಬಲ್ಲೇ ಹಾಕಿಸ್ದೆ, ಯಾಕಂದ್ರೆ ನಮ್ಮಲ್ಲಿ ಹೆಗ್ಗಣದ ಕಾಟ ಜಾಸ್ತಿ. ನೆಲದೊಳಗೆ ಒಂದೂ ಜಾಯಿಂಟ್ ಇಲ್ಲ, ಒಂದೇ ಉದ್ದದ ಕೇಬಲ್ಲು. ಅಡಿಗೆ ಮರಳು, ಮೇಲೆ ಮರಳು, ಅದರ ಮೇಲೆ ಇಟ್ಟಿಗೆ ಸಾಲು, ಇನ್ನೊಂದಡಿ ಮಣ್ಣು ತುಂಬಿ ಕೆಂಪು ಎಚ್ಚರಿಕೆ ಟೇಪು. ಕೇಬಲ್ಲಿನ ಉಕ್ಕಿನ ತಂತಿಗೂ ಅರ್ಥಿಂಗ್ ಕೊಡಿಸ್ದೆ. ಈ ಲೈನಿಗೇ ಅಂತ ಬೇರೆ 30 ಮಿಲಿಆಂಪ್ ಆರ್‌ಸಿಸಿಬಿ ಇದೆ, ಕರೆಂಟು ನೀರಿಗೋ ಮೈಗೋ ಸೋರಿದ್ರೆ ತಕ್ಷಣ ಕಟ್ ಮಾಡೋದು ಅದೇ, ಲೋಡ್ ಜಾಸ್ತಿಯಾದ್ರೆ, ಶಾರ್ಟ್ ಆದ್ರೆ ಬೀಳೋ ಮಾಮೂಲಿ ಎಂಸಿಬಿ ಸ್ವಿಚ್ಚಿಗೆ ಅಷ್ಟು ಸಣ್ಣ ಸೋರಿಕೆ ಗೊತ್ತೇ ಆಗಲ್ಲ. ತಿಂಗಳಿಗೊಂದ್ಸಲ ಟೆಸ್ಟ್ ಬಟನ್ ಒತ್ತಿ ನೋಡ್ತೀನಿ.

ನೀರಿಗೆ ಓವರ್‌ಹೆಡ್ ಟ್ಯಾಂಕಿಂದ ಮುಕ್ಕಾಲಿಂಚು ಪೈಪು, ಮನೆ ಹತ್ರ ಒಂದು ಬಾಲ್ ವಾಲ್ವು, ಕೊಳದ ಹತ್ರ ಇನ್ನೊಂದು, ತುದೀಲಿ ಕೊಳ ತುಂಬಿದ್ರೆ ನೀರು ತಾನೇ ನಿಲ್ಲಿಸೋ ಫ್ಲೋಟ್. ಪೈಪಿನ ಬಾಯಿ ನೀರಿನ ಮಟ್ಟಕ್ಕಿಂತ ಮೇಲೇ ಇರ್ಬೇಕು, ಮುಳುಗಿದ್ರೆ ಟ್ಯಾಂಕು ಖಾಲಿ ಆದಾಗ ಕೊಳದ ನೀರು ವಾಪಸ್ ಎಳ್ಕೊಂಡು ಮನೆ ನಲ್ಲಿಗೇ ಬರಬಹುದು.

ಪೈಪ್ ಜೋಡಿಸಿದ ದಿನ ಸಂಜೇನೇ ಮಣ್ಣು ಮುಚ್ತೀವಿ ಅಂದ್ರು ಕೆಲಸದವರು, ನಾನು ಬಿಡ್ಲಿಲ್ಲ. ಪೈಪ್ ಅಂಟಿಸೋ ಸಲ್ಯೂಷನ್ ಒಣಗಿದ ಮೇಲೆ ನೀರು ಬಿಟ್ಟು, ಕೊಳದ ಕಡೆ ವಾಲ್ವ್ ಮುಚ್ಚಿ ಒಂದಿಡೀ ದಿನ ಹಾಗೇ ಬಿಟ್ವಿ. ಮಾರನೇ ದಿನ ನೋಡಿದ್ರೆ ಮೂಲೆ ಎಲ್ಬೋ ಕೆಳಗೆ ಮಣ್ಣು ಒದ್ದೆ. ಮಣ್ಣು ಮೆತ್ತಿದ ಪೈಪಿಗೇ ಸಲ್ಯೂಷನ್ ಹಚ್ಚಿದ್ರು. ಅಷ್ಟು ಕತ್ತರಿಸಿ, ಒರೆಸಿ, ಹೊಸ ಎಲ್ಬೋ ಹಾಕಿದ ಮೇಲೆ ಇನ್ನೊಂದು ದಿನ ಕಾದ್ವಿ, ಆಮೇಲೇ ಮಣ್ಣು.

ಮುಚ್ಚೋ ಮುಂಚೆ ಟೇಪು ಹಿಡಿದು ಗೋಡೆಯಿಂದ ಎಷ್ಟಡಿ, ಪೇರಲೆ ಮರದಿಂದ ಎಷ್ಟಡಿ ಅಂತ ಅಳೆದು ಫೋಟೋ ತೆಗೆದಿಟ್ಟೆ. ಜೊತೆಗೆ ಒಂದು ಖಾಲಿ ಪೈಪು, ಒಳಗೆ ನೈಲಾನ್ ಹಗ್ಗ ಬಿಟ್ಟು ಹೂತಿದ್ವಿ. ಈ ವರ್ಷ ಕೊಳಕ್ಕೆ 12 ವೋಲ್ಟಿನ ಲೈಟು ಹಾಕೋವಾಗ ಆ ಹಗ್ಗಕ್ಕೆ ವೈರು ಕಟ್ಟಿ ಎಳೆದ್ವಿ, ಅರ್ಧ ಗಂಟೇಲಿ ಆಯ್ತು, ಒಂದು ಗುದ್ದಲಿ ಮಣ್ಣೂ ತೆಗೀಲಿಲ್ಲ.