ಒಲೆ ಮೇಲೆ ಒಣಗಿದ ಕೊಕ್ಕರೆಗಳು

ಕೊಡಗಿನಲ್ಲಿ ಆಗಸ್ಟ್ 6ಕ್ಕೆ ಅಣ್ವಸ್ತ್ರ ವಿರೋಧಿ ಮೆರವಣಿಗೆ ಇಟ್ಟುಕೊಂಡದ್ದೇ ನಮ್ಮ ಗುಂಪಿನ ಮೊದಲ ತಪ್ಪು. ಹಿರೋಶಿಮಾ ದಿನ ಅಂತ ನೆನಪಿತ್ತು, ಕಕ್ಕಡ ತಿಂಗಳ ಜಡಿಮಳೆ ಮರೆತುಹೋಗಿತ್ತು. ಮಡಿಕೇರಿಯಲ್ಲಿ ಸೇರಿದ್ದು ಏಳೇ ಜನ. ಪೋಸ್ಟರಿನ ಬಣ್ಣವೆಲ್ಲ ಇಳಿದು ನಮ್ಮ ಕೈಗೇ ಬಂತು.

ಮರುವರ್ಷ ಸುಮ್ನೆ ಒಳಗೆ ಕೂತು ಕಾಗದದ ಕೊಕ್ಕರೆ ಮಡಚೋಣ ಅಂದೆವು. ಹಿರೋಶಿಮಾದ ಹುಡುಗಿ ಸಡಾಕೊ ಸಸಾಕಿಯ ಕಥೆ ಹೇಳಿದರೆ ಸಾಕು, ಮಕ್ಕಳು ತಾವೇ ಕಾಗದ ಕೇಳುತ್ತಾರೆ. ಬಾಂಬ್ ಬಿದ್ದಾಗ ಅವಳಿಗೆ 2 ವರ್ಷ. 1955ರಲ್ಲಿ ರಕ್ತದ ಕ್ಯಾನ್ಸರ್‌ನಿಂದ ತೀರಿಕೊಂಡಾಗ 12. ಆಸ್ಪತ್ರೆಯಲ್ಲಿ ಔಷಧಿ ಸುತ್ತಿದ ಕಾಗದವನ್ನೂ ಬಿಡದೆ ಕೊಕ್ಕರೆ ಮಾಡುತ್ತಿದ್ದಳು. ನಮ್ಮ ಕೊಕ್ಕರೆಗಳು ತೇವಕ್ಕೆ ಎರಡೇ ದಿನದಲ್ಲಿ ರೆಕ್ಕೆ ಜೋತುಬಿಟ್ಟವು. ಗೆಳತಿಯ ಅಜ್ಜಿ ಅವನ್ನು ಒಲೆ ಮೇಲಿನ ಅಟ್ಟಕ್ಕೆ ಹಾಕಿಸಿದರು. ಗರಿಗರಿಯಾದವು. ಹೊಗೆ ವಾಸನೆ ಮಾತ್ರ ಹೋಗಲೇ ಇಲ್ಲ.

ನಿಜವಾದ ಕಷ್ಟ ಮಳೆಯದಲ್ಲ. ಕೈಲ್ ಪೊಳ್ದ್ ಎಂಬ ಆಯುಧ ಹಬ್ಬದಲ್ಲಿ ಕೋವಿಗೆ ಹೂ ಮುಡಿಸಿ ಪೂಜೆ ಮಾಡುವ ನಾಡು ಇದು. ಒಬ್ಬ ನಿವೃತ್ತ ಸುಬೇದಾರರು ನೇರವಾಗಿ ಕೇಳಿದರು, "ಹಾಗಾದ್ರೆ ನಾವು ಗಡಿಯಲ್ಲಿ ನಿಂತಿದ್ದು ತಪ್ಪಾ?" ನನಗೆ ಮಾತೇ ಹೊರಡಲಿಲ್ಲ.

ಉತ್ತರ ಸಿಕ್ಕಿದ್ದು ಕೊಡಗಿನವರೇ ಆದ ಜನರಲ್ ತಿಮ್ಮಯ್ಯನವರ ಮನೆ 'ಸನ್ನಿ ಸೈಡ್'ನಲ್ಲಿ. ಈಗ ಅದು ಮ್ಯೂಸಿಯಂ. ಕೊರಿಯಾ ಯುದ್ಧದ ಕೈದಿಗಳ ವಾಪಸಾತಿ ನೋಡಿಕೊಳ್ಳಲು 1953ರಲ್ಲಿ ಮಾಡಿದ ಆಯೋಗಕ್ಕೆ ಅವರೇ ಅಧ್ಯಕ್ಷರು. 1965ರಲ್ಲಿ ತೀರಿಕೊಂಡದ್ದು ಸೈಪ್ರಸ್‌ನಲ್ಲಿ, ವಿಶ್ವಸಂಸ್ಥೆಯ ಶಾಂತಿಪಡೆ ಮುನ್ನಡೆಸುತ್ತಾ. ಅಂದಿನಿಂದ ನಮ್ಮ ಮಾತು ಶುರುವಾಗುವುದೇ ಅವರಿಂದ. ಕೋವಿ ಹಿಡಿದವನಿಗೆ ಎದುರಾಳಿ ಕಾಣುತ್ತಾನೆ. ಅಣುಬಾಂಬಿಗೆ ಊರಿಗೆ ಊರೇ ಗುರಿ, ತೊಟ್ಟಿಲ ಮಗುವೂ ಸೇರಿ. ಈ ವ್ಯತ್ಯಾಸ ಸೈನಿಕರಿಗೆ ನಮಗಿಂತ ಬೇಗ ಅರ್ಥವಾಗುತ್ತದೆ.

ಜನರಿಂದ ಸಹಿ ಹಾಕಿಸಿ ಸರ್ಕಾರಕ್ಕೆ ಕಳಿಸುವ ಪೋಸ್ಟ್‌ಕಾರ್ಡ್ ಅಭಿಯಾನದಲ್ಲೂ ಎಡವಿದೆವು. "ಭಾರತ ಅಣ್ವಸ್ತ್ರ ನಿಷೇಧ ಒಪ್ಪಂದಕ್ಕೆ ಸಹಿ ಹಾಕಲಿ" ಅಂತ ಬರೆದಿದ್ದೆವು. ಒಪ್ಪಂದ 2021ರ ಜನವರಿ 22ರಿಂದ ಜಾರಿಯಲ್ಲಿದೆ, ಆದರೆ ಅಣ್ವಸ್ತ್ರ ಇರುವ 9 ದೇಶಗಳಲ್ಲಿ ಒಂದೂ ಸೇರಿಲ್ಲ. "ನಾವೊಬ್ಬರೇ ಯಾಕೆ?" ಅಂತ ಹಿರಿಯರು ಕಾರ್ಡ್ ವಾಪಸ್ ಕೊಟ್ಟರು. ನ್ಯಾಯದ ಪ್ರಶ್ನೆ ಅಲ್ವಾ? ಆಮೇಲೆ ಒಕ್ಕಣೆ ಬದಲಿಸಿದೆವು. 'ಅಣ್ವಸ್ತ್ರವನ್ನು ನಾವಾಗಿ ಮೊದಲು ಬಳಸುವುದಿಲ್ಲ' ಎಂಬ ಭಾರತದ ಮಾತು ಉಳಿಯಲಿ, ಅಮೆರಿಕ, ರಷ್ಯಾ, ಪಾಕಿಸ್ತಾನವೂ ಅದನ್ನೇ ಹೇಳುವಂತೆ ಒತ್ತಾಯಿಸಿ ಅಂತ. ಗುಂಪಿನಲ್ಲಿ ಇಬ್ಬರು ಸಿಟ್ಟಾದರು, ಇದು ರಾಜಿ ಅಂದರು. ರಾಜಿಯೇ, ನಾನು ಇಲ್ಲ ಅನ್ನಲಿಲ್ಲ.

ಸುಬೇದಾರರು ಕಾರ್ಡನ್ನು ಎರಡು ಸಲ ಓದಿ ಸಹಿ ಹಾಕಿದರು. ಕೆಳಗೆ ರ‍್ಯಾಂಕ್, ರೆಜಿಮೆಂಟ್, ಸೇವೆಯ ವರ್ಷ ಎಲ್ಲಾ ಬರೆದರು. ವಿಳಾಸಕ್ಕೆ ಜಾಗ ಉಳಿಯದೆ ಇನ್ನೊಂದು ಕಾರ್ಡ್ ಕೊಡಬೇಕಾಯಿತು.