ಆಪ್ಷನ್ ಎಂಟ್ರಿಗೆ ಮೊದಲು ಒಂದು ನೋಟ್‌ಬುಕ್

ಸಿಇಟಿ ರ‍್ಯಾಂಕ್ ಬಂದ ದಿನದಿಂದ ಮನೆಯ ಫೋನಿಗೆ ಬಿಡುವಿಲ್ಲ. ಸೋದರಮಾವ ಒಂದು ಎಂಜಿನಿಯರಿಂಗ್ ಕಾಲೇಜು ಹೊಗಳಿದರೆ, ಪಕ್ಕದ ಮನೆಯವರು ‘ಅಲ್ಲಿ ಮಾತ್ರ ಬೇಡ’ ಅನ್ನುತ್ತಾರೆ. ಕಡೆಗೆ ಆಪ್ಷನ್ ಎಂಟ್ರಿಯ (ಬೇಕಾದ ಕಾಲೇಜು, ಬ್ರಾಂಚುಗಳನ್ನು ಇಷ್ಟದ ಕ್ರಮದಲ್ಲಿ ಆನ್‌ಲೈನ್‌ನಲ್ಲಿ ತುಂಬುವುದು) ಕೊನೆಯ ದಿನ ಸೈಬರ್ ಸೆಂಟರ್‌ನಲ್ಲಿ ಕೂತು ನೆನಪಾದ ಹೆಸರು ತುಂಬುವುದು.

ಅದರ ಬದಲು ಇವತ್ತೇ ಒಂದು ನೋಟ್‌ಬುಕ್‌ನಲ್ಲಿ ಗೆರೆ ಎಳೆಯಿರಿ. ಕಾಲೇಜು, ಬ್ರಾಂಚ್, ಅವುಗಳ ಕೋಡ್, ಹಿಂದಿನ ವರ್ಷದ ಕಟಾಫ್ (ಸೀಟು ಸಿಕ್ಕ ಕೊನೆಯ ರ‍್ಯಾಂಕ್), ಶುಲ್ಕ, ಹಾಸ್ಟೆಲ್ ಅಥವಾ ಬಸ್ಸಿನ ಖರ್ಚು. ಕೊನೆಗೆ ಇನ್ನೊಂದು ಕಾಲಂ: ‘ಯಾರು ಹೇಳಿದ್ದು?’ ಅಲ್ಲೇ ಓದುತ್ತಿರುವ ಹುಡುಗಿ ಹೇಳಿದ್ದಕ್ಕೂ ವಾಟ್ಸ್ಆ್ಯಪ್‌ನಲ್ಲಿ ಬಂದದ್ದಕ್ಕೂ ಇರುವ ಅಂತರ ಆಗ ಕಣ್ಣಿಗೆ ಹೊಡೆಯುತ್ತದೆ.

ಕಟಾಫ್ ಪಟ್ಟಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ವೆಬ್‌ಸೈಟ್‌ನಲ್ಲೇ ಸಿಗುತ್ತದೆ. ತಪ್ಪುವುದು ಅದನ್ನು ಓದುವಾಗ. 2ಎ ಮೀಸಲಾತಿ ವರ್ಗದವರು ಜಿಎಂ (ಜನರಲ್ ಮೆರಿಟ್) ಕಾಲಂ ಒಂದನ್ನೇ ನೋಡಿ ಸುಮ್ಮನೆ ಹೆದರುತ್ತಾರೆ. 2ಎ ವರ್ಗದ ಸಾಮಾನ್ಯ ಕಾಲಂ 2ಎಜಿ ಜತೆಗೆ ಕನ್ನಡ ಮಾಧ್ಯಮದವರಿಗೆ 2ಎಕೆ, ಗ್ರಾಮೀಣ ಅಭ್ಯರ್ಥಿಗಳಿಗೆ 2ಎಆರ್ ಎಂಬ ಬೇರೆ ಕಾಲಂಗಳಿವೆ. ಸೀಟು ಹಂಚಿಕೆಯ ಮೊದಲ ಸುತ್ತಿನ ಕಟಾಫ್ ಬರೆದರೆ ಸಾಲದು. ಕೊನೆಯ ಸುತ್ತಿನದನ್ನೂ ಪಕ್ಕದಲ್ಲೇ ಬರೆಯಿರಿ.

ಪ್ಲೇಸ್‌ಮೆಂಟ್ ಜಾಹೀರಾತಿನಲ್ಲಿ ಗರಿಷ್ಠ ಪ್ಯಾಕೇಜ್ ದಪ್ಪಕ್ಷರದಲ್ಲಿರುತ್ತದೆ. ಅದು ಒಬ್ಬನ ಸಂಬಳ. ನಿಮ್ಮ ಬ್ರಾಂಚಿನಲ್ಲಿ ಎಷ್ಟು ಜನರಿದ್ದರು, ಎಷ್ಟು ಜನರಿಗೆ ಕೆಲಸ ಸಿಕ್ಕಿತು ಎಂದು ಕೇಳಿ ಬರೆದುಕೊಳ್ಳಿ. ಗುಣಮಟ್ಟ ನೋಡಿ ಕೊಡುವ ನ್ಯಾಕ್ ಮಾನ್ಯತೆ ಇಡೀ ಕಾಲೇಜಿಗೆ, ಎನ್‌ಬಿಎ ಮಾನ್ಯತೆ ಆಯಾ ಬ್ರಾಂಚಿಗೆ. ಇವೆರಡನ್ನು ಬೆರೆಸಬೇಡಿ.

ಈಗ ಪಟ್ಟಿಯಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂಬ ಕ್ರಮಸಂಖ್ಯೆ. ಹೆಚ್ಚಿನವರು ಎಡವುವುದು ಇಲ್ಲಿಯೇ. ಮಗಳ ರ‍್ಯಾಂಕ್ 18,000 ಎಂದುಕೊಳ್ಳಿ. ಆಸೆಪಟ್ಟ ಕಾಲೇಜಿನ ಕಟಾಫ್ ಹೋದ ವರ್ಷ 15,000ಕ್ಕೆ ನಿಂತಿತ್ತು. ‘ಹೇಗೂ ಸಿಗಲ್ಲ, ಖಂಡಿತ ಸಿಗೋದನ್ನ ಮೇಲೆ ಹಾಕು’ ಎನ್ನುವವರೇ ಹೆಚ್ಚು. ಆದರೆ ಕಂಪ್ಯೂಟರ್ ನಿಮ್ಮ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ನೋಡುತ್ತ, ರ‍್ಯಾಂಕಿಗೆ ಸಿಗುವ ಮೊದಲ ಸೀಟಿಗೆ ನಿಲ್ಲುತ್ತದೆ. ಆಸೆಯದು ಸಿಗದಿದ್ದರೆ ಕೆಳಗಿನದನ್ನು ನೋಡುತ್ತದೆ. ನಿಮಗೆ ನಷ್ಟವೇನೂ ಇಲ್ಲ. ‘ಖಂಡಿತ ಸಿಗೋದು’ ಮೇಲಿದ್ದರೆ ಮಾತ್ರ ಅದರ ಕೆಳಗಿನ ಆಸೆಯ ಸಾಲು ಲೆಕ್ಕಕ್ಕೇ ಬರುವುದಿಲ್ಲ. ಹಾಗಾಗಿ ಕ್ರಮಕ್ಕೆ ಇಷ್ಟ ನೋಡಿ. ಪಟ್ಟಿ ಎಲ್ಲಿಯವರೆಗೆ ಉದ್ದವಿರಬೇಕು ಎನ್ನುವುದಕ್ಕೆ ಕಟಾಫ್ ನೋಡಿ. ಸಿಕ್ಕರೂ ಸೇರಲಾಗದ ಕಾಲೇಜನ್ನು ಸುಮ್ಮನೆ ಸೇರಿಸಬೇಡಿ. ಶುಲ್ಕದ ಕಾಲಂ ಅಪ್ಪ ಅಮ್ಮನ ಜತೆ ಕೂತು ಓದುವುದು ಇದಕ್ಕೇ.

ಅಣಕು ಹಂಚಿಕೆ (ನಿಜವಾದ ಹಂಚಿಕೆಗೆ ಮೊದಲು ಯಾವ ಸೀಟು ಸಿಗಬಹುದೆಂದು ತೋರಿಸುವುದು) ಬಂದಾಗ ನೋಟ್‌ಬುಕ್ ಮತ್ತೆ ತೆರೆಯಿರಿ. ಅಲ್ಲಿ ಬಂದ ಸೀಟು ಅಂತಿಮವಲ್ಲ, ಪಟ್ಟಿ ತಿದ್ದಲು ಅವಕಾಶವಿದೆ. ಬಂದದ್ದು ನೋಡಿ ಮಗಳ ಮುಖ ಬಾಡಿದರೆ, ಕ್ರಮದಲ್ಲೇ ಏನೋ ತಪ್ಪಿದೆ ಎಂದರ್ಥ. ಬೇರೆಯವರು ಏನಂದಾರು ಎಂದು ಮೇಲಕ್ಕೇರಿಸಿದ ಹೆಸರು ಯಾವುದೆಂದು ಹುಡುಕಿ.

ಕೊನೆಗೆ ತುಂಬಿದ ಪಟ್ಟಿಯ ಪ್ರಿಂಟ್ ತೆಗೆದು ಕೋಡ್‌ಗಳನ್ನು ಒಂದೊಂದಾಗಿ ನೋಟ್‌ಬುಕ್ ಜತೆ ತಾಳೆ ನೋಡಿ. ಒಬ್ಬರು ಓದಲಿ, ಇನ್ನೊಬ್ಬರು ಟಿಕ್ ಹಾಕಲಿ. ಸೈಬರ್ ಸೆಂಟರಿನಿಂದ ಏಳುವ ಮೊದಲು ಲಾಗ್ಔಟ್ ಮಾಡಿ. ಪಾಸ್‌ವರ್ಡ್ ಬರೆದ ಚೀಟಿ ಮೇಜಿನ ಮೇಲೇ ಉಳಿದಿದೆಯೇ ನೋಡಿ.