ಪುಸ್ತಕದಂಗಡಿಯಲ್ಲಿ ಇ-ರೀಡರ್: ದಾಸ್ತಾನು ಬೇಡ, ಡೆಮೊ ಒಂದು ಸಾಕು

ಹಾಸನದ ಬಿ.ಎಂ. ರಸ್ತೆಯಲ್ಲೋ ಚಿಕ್ಕಮಗಳೂರಿನ ಎಂ.ಜಿ. ರಸ್ತೆಯಲ್ಲೋ ಪುಸ್ತಕದಂಗಡಿ ಇಟ್ಟುಕೊಂಡವರು ಇ-ರೀಡರ್, ಅಂದರೆ ಇ-ಪುಸ್ತಕ ಓದುವ ಯಂತ್ರ, ಮಾರಬಹುದೇ? ಮಾರಬಹುದು. ಆದರೆ ಫೋನ್ ಅಂಗಡಿಯವರ ಹಾಗೆ ಡಬ್ಬಿ ಪೇರಿಸಿಟ್ಟು ಕೂತರೆ ದುಡ್ಡೂ ಜೊತೆಗೇ ಕೂತುಬಿಡುತ್ತದೆ.

ಮೊದಲು ಲೆಕ್ಕ. 12,000 ರೂಪಾಯಿಯ ಯಂತ್ರಕ್ಕೆ ನೂರಕ್ಕೆ ಐದು ಮಾರ್ಜಿನ್ ಸಿಕ್ಕಿತೆಂದು ಇಟ್ಟುಕೊಳ್ಳಿ, ಒಂದಕ್ಕೆ 600. ಹತ್ತು ತರಿಸಲು ನಿಮ್ಮ ಕೈಯಿಂದ 1,14,000 ಹೋಯಿತು. ಎಲ್ಲವೂ ಖಾಲಿಯಾಗಲು ಆರು ತಿಂಗಳು ಹಿಡಿದರೆ ಸರಾಸರಿ ಅರ್ಧ ಬಂಡವಾಳ ಅಷ್ಟೂ ಕಾಲ ಕಪಾಟಿನಲ್ಲಿತ್ತು ಎಂದಾಯಿತು. ವರ್ಷಕ್ಕೆ ನೂರಕ್ಕೆ 12ರ ಬಡ್ಡಿಯಲ್ಲಿ ಅದು 3,420 ರೂಪಾಯಿ. ಗಿರಾಕಿಗಳು ಕ್ರೆಡಿಟ್ ಕಾರ್ಡ್ ಉಜ್ಜಿದರೆ ನೂರಕ್ಕೆ ಎರಡರಂತೆ ಇನ್ನೊಂದು 2,400. ಹತ್ತು ಯಂತ್ರದ 6,000 ಮಾರ್ಜಿನ್ನಿನಲ್ಲಿ ಉಳಿದದ್ದು 180 ರೂಪಾಯಿ. ಒಂದರ ಪರದೆ ಅಂಗಡಿಯಲ್ಲೇ ಒಡೆದರೆ ಕೈಯಿಂದ ಕಟ್ಟಬೇಕು. ಅಚ್ಚಿನ ಪುಸ್ತಕಕ್ಕೆ ಪ್ರಕಾಶಕರು ಸಾಮಾನ್ಯವಾಗಿ ನೂರಕ್ಕೆ 25ರಿಂದ 40 ಕಮಿಷನ್ ಕೊಡುತ್ತಾರೆ, ಎಷ್ಟೋ ಸಲ ಮಾರದೆ ಉಳಿದದ್ದನ್ನು ವಾಪಸ್ಸೂ ತೆಗೆದುಕೊಳ್ಳುತ್ತಾರೆ. ಎರಡನ್ನೂ ಒಂದೇ ವ್ಯಾಪಾರ ಅಂದುಕೊಳ್ಳಬೇಡಿ.

ದೊಡ್ಡ ದೊಡ್ಡ ಸರಣಿ ಅಂಗಡಿಗಳೇ ಇದರಲ್ಲಿ ಕೈ ಸುಟ್ಟುಕೊಂಡಿವೆ. ಅಮೆರಿಕದ ಬಾರ್ಡರ್ಸ್ 2001ರಿಂದ 2008ರವರೆಗೆ ತನ್ನ ಆನ್‌ಲೈನ್ ಮಾರಾಟವನ್ನೇ ಅಮೆಜಾನಿಗೆ ವಹಿಸಿಕೊಟ್ಟಿತ್ತು. 2010ರಲ್ಲಿ ಕೋಬೊ ಕಂಪನಿಯ ಇ-ರೀಡರ್ ತಂದಿಟ್ಟಿತು, 2011ರಲ್ಲಿ ಬಾಗಿಲು ಮುಚ್ಚಿತು. ಅಲ್ಲಿನದೇ ಬಾರ್ನ್ಸ್ ಅಂಡ್ ನೋಬಲ್ 2009ರಲ್ಲಿ ನೂಕ್ ಎಂಬ ತನ್ನದೇ ಇ-ರೀಡರ್ ತಂದಿತು. 2012ರಲ್ಲಿ ಮೈಕ್ರೋಸಾಫ್ಟ್ ಅದರಲ್ಲಿ 30 ಕೋಟಿ ಡಾಲರ್ ಹೂಡಲು ಒಪ್ಪಿತು, 2014ರ ಕೊನೆಗೆ ಹೊರನಡೆಯಿತು. ಬ್ರಿಟನ್ನಿನ ವಾಟರ್‌ಸ್ಟೋನ್ಸ್ 2012ರಲ್ಲಿ ಅಮೆಜಾನಿನ ಇ-ರೀಡರ್ ಆದ ಕಿಂಡಲ್ಲನ್ನೇ ಮಾರಲು ಹೊರಟಿತು, 2015ರಲ್ಲಿ ಅದನ್ನು ತೆಗೆದು ಆ ಜಾಗಕ್ಕೆ ಮತ್ತೆ ಪುಸ್ತಕ ಜೋಡಿಸಿತು. ನಮ್ಮಲ್ಲಿ ಫ್ಲಿಪ್‌ಕಾರ್ಟ್ 2015ರ ಡಿಸೆಂಬರಿನಲ್ಲಿ ಇ-ಪುಸ್ತಕ ಕೈಬಿಟ್ಟು ಓದುಗರನ್ನು ಕೋಬೊಗೆ ದಾಟಿಸಿತು.

ಗಮನಿಸಬೇಕಾದ್ದು ವಾಟರ್‌ಸ್ಟೋನ್ಸ್‌ನ ಕತೆಯನ್ನು. ಯಂತ್ರ ಕೊಳ್ಳಲು ಗಿರಾಕಿ ಅಂಗಡಿಗೆ ಬರುವುದು ಒಂದೇ ಸಲ. ಆಮೇಲಿನ ಪ್ರತಿ ಪುಸ್ತಕವನ್ನೂ ಮನೆಯಲ್ಲೇ ಕೂತು, ಯಂತ್ರ ಮಾಡಿದವರ ಅಂಗಡಿಯಿಂದ ಇಳಿಸಿಕೊಳ್ಳುತ್ತಾನೆ. ನಿಮ್ಮ ಗಿರಾಕಿಯನ್ನು ನೀವೇ ಪಕ್ಕದಂಗಡಿಗೆ ಕಳಿಸಿ, ದಾರಿಖರ್ಚು ಸಾವಿರದೊಳಗೆ ಪಡೆದ ಹಾಗೆ. ಜರ್ಮನಿಯ ಅಂಗಡಿಗಳು ಮಾತ್ರ 2013ರಲ್ಲಿ ಡಾಯ್ಚ ಟೆಲಿಕಾಂ ಜೊತೆ ಸೇರಿ ಟೊಲಿನೊ ಎಂಬ ಒಂದೇ ಯಂತ್ರ ತಂದವು. ಅದರಲ್ಲಿ ಇ-ಪುಸ್ತಕದ ಮಾರಾಟ ಆಯಾ ಅಂಗಡಿಯ ಖಾತೆಗೇ ಸೇರುವ ವ್ಯವಸ್ಥೆ ಇತ್ತು. ಅಷ್ಟು ದೊಡ್ಡ ಒಕ್ಕೂಟ ನಮ್ಮ ಜಿಲ್ಲೆಗಳ ಮಟ್ಟಿಗೆ ಆಗದ ಮಾತು. ಸ್ವಂತ ಆಪ್ ಮಾಡಿಸಿಕೊಡುತ್ತೇವೆ ಎಂದು ಬರುವವರನ್ನು ಕಾಫಿ ಕೊಟ್ಟು ಕಳಿಸಿ.

ಹಾಗಾದರೆ ನಿಮಗೆ ಉಳಿಯುವುದೇನು? ಯಂತ್ರವನ್ನು ಕನ್ನಡ ಓದಲು ಸಜ್ಜು ಮಾಡಿಕೊಡುವ ಕೆಲಸ. ಆನ್‌ಲೈನ್ ಅಂಗಡಿ ಅದನ್ನು ಮಾಡಿಕೊಡುವುದಿಲ್ಲ. ಡೆಮೊಗೆ ಒಂದು ಯಂತ್ರ ಇಡಿ, ಬೇಕೆಂದವರಿಂದ ಅರ್ಧ ಮುಂಗಡ ಪಡೆದು ತರಿಸಿ, ಸಜ್ಜು ಮಾಡಿದ್ದಕ್ಕೆ ಬೇರೆಯಾಗಿ 300ರಿಂದ 500 ರೂಪಾಯಿ ಬಿಲ್ ಮಾಡಿ. ಬೇರೆಡೆ ಕೊಂಡು ತಂದವರಿಗೂ ಅದೇ ದರ. ಸಂಕೋಚ ಬೇಡ.

ಯಾರಿಗೆ ಮಾರಬೇಕು, ಯಾರಿಗೆ ಬೇಡ

ಒಳ್ಳೆಯ ಗಿರಾಕಿಗಳು ಎರಡು ಬಗೆ. ಒಂದು, ಅಕ್ಷರ ದೊಡ್ಡದು ಬೇಕೆನ್ನುವ ನಿವೃತ್ತರು. ಇನ್ನೊಂದು, ತೋಟದ ಮನೆಯವರು. ಮೂಡಿಗೆರೆ, ಸಕಲೇಶಪುರ, ಕೊಪ್ಪದ ಕಡೆ ಮಳೆಗಾಲದಲ್ಲಿ ಕರೆಂಟು ಹೋದರೆ ಯಾವಾಗ ಬರುತ್ತದೋ ಹೇಳುವಂತಿಲ್ಲ. ಒಮ್ಮೆ ಚಾರ್ಜ್ ಮಾಡಿದರೆ ವಾರಗಟ್ಟಲೆ ನಡೆಯುವ ಯಂತ್ರದ ಬೆಲೆ ಗೊತ್ತಾಗುವುದು ಅಲ್ಲಿ. ಕಾಫಿ ಕುಯ್ಲು ಮುಗಿದು ಕೈಯಲ್ಲಿ ಕಾಸಿರುವ ಏಪ್ರಿಲ್-ಮೇ ತಿಂಗಳಲ್ಲಿ ಡೆಮೊ ಮುಂದಕ್ಕೆ ತಂದಿಡಿ. ಜೂನಿನಲ್ಲಿ ಮಳೆ ಹಿಡಿದ ಮೇಲೆ ಅವರು ಪೇಟೆಗೆ ಬರುವುದೇ ಕಡಿಮೆ.

ನೀಟ್, ಕೆಪಿಎಸ್‌ಸಿ ಓದುವ ಹುಡುಗರಿಗೆ ಆರಿಂಚಿನದ್ದು ಮಾರಬೇಡಿ. ಅವರ ಹತ್ತಿರ ಇರುವುದೆಲ್ಲ ಎ4 ಅಳತೆಯ ಪಿಡಿಎಫ್. ಆರಿಂಚಿನ ಪರದೆಗೆ ಇಳಿಸಿದರೆ ಅಕ್ಷರ ಇರುವೆಯಷ್ಟಾಗುತ್ತದೆ, ಹಿಗ್ಗಿಸಿದರೆ ಪ್ರತಿ ಸಾಲಿಗೂ ಅತ್ತಿತ್ತ ಎಳೆಯಬೇಕು. ವಾರದೊಳಗೆ ವಾಪಸ್ ತಂದು ಜಗಳವಾಡುತ್ತಾರೆ. ಹತ್ತಿಂಚಿನದ್ದೇ ಬೇಕು, ಇಲ್ಲವೇ ಟ್ಯಾಬ್ ತಗೊಳ್ಳಿ ಎಂದು ಮೊದಲೇ ಹೇಳಿಬಿಡಿ.

ಕನ್ನಡದ ಪರೀಕ್ಷೆ

ಇಲ್ಲೇ ಹೆಚ್ಚು ಜನ ಎಡವುವುದು. ಅಮೆಜಾನ್ 2016ರ ಡಿಸೆಂಬರಿನಲ್ಲಿ ಕಿಂಡಲ್‌ಗೆ ಭಾರತೀಯ ಭಾಷೆಗಳನ್ನು ತಂದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಇದ್ದವು, ಕನ್ನಡ ಇರಲಿಲ್ಲ. ಕನ್ನಡದ ಇ-ಪುಸ್ತಕ ಬೇಕೆಂದರೆ ಮೈಲ್ಯಾಂಗ್‌ನಂಥ ಆಪ್‌ಗೋ ಗೂಗಲ್ ಪ್ಲೇ ಬುಕ್ಸ್‌ಗೋ ಹೋಗಬೇಕು. ಆ ಆಪ್‌ಗಳು ಕಿಂಡಲ್, ಕೋಬೊ ಯಂತ್ರಗಳ ಮೇಲೆ ಓಡುವುದಿಲ್ಲ. ಆದ್ದರಿಂದ ಗಿರಾಕಿ ಬಂದಾಗ ಕೇಳಬೇಕಾದ ಮೊದಲ ಪ್ರಶ್ನೆ: ಹೆಚ್ಚು ಓದುವುದು ಕನ್ನಡವೋ ಇಂಗ್ಲಿಷೋ? ಇಂಗ್ಲಿಷ್ ಎಂದರೆ ಕಿಂಡಲ್, ಕೋಬೊ ಯಾವುದಾದರೂ ಆದೀತು. ಹೊಸ ಕನ್ನಡ ಪುಸ್ತಕ ಆಪ್‌ನಲ್ಲಿ ಕೊಂಡು ಓದುವವರಿಗೆ ಓನಿಕ್ಸ್ ಬೂಕ್ಸ್‌ನಂಥ ಆಂಡ್ರಾಯ್ಡ್ ಇರುವ ಇ-ಇಂಕ್ (ಕಾಗದದಂತೆ ಕಾಣುವ ಪರದೆಯ) ಯಂತ್ರವೇ ಬೇಕು. ಅದರ ಬ್ಯಾಟರಿ ಕಿಂಡಲ್‌ನಷ್ಟು ದಿನ ಬರುವುದಿಲ್ಲ, ಆಪ್‌ನಲ್ಲಿ ಪುಟ ಸರಿಸುವಾಗ ಪರದೆ ಮಿಣುಕುತ್ತದೆ. ಇವೆರಡನ್ನೂ ಕೊಳ್ಳುವ ಮುಂಚೆಯೇ ತೋರಿಸಿ.

ಡೆಮೊದಲ್ಲಿ ಒಂದು ಪರೀಕ್ಷಾ ಪುಟ ಇಟ್ಟಿರಿ. ಅದರಲ್ಲಿ ಈ ಪದಗಳಿರಲಿ: ಲಕ್ಷ್ಮೀ, ರಾಷ್ಟ್ರ, ಸ್ತ್ರೀ, ಅರ್ಘ್ಯ, ಜ್ಞಾನ, ಕೈ, ಕೋಟೆ, ರ‍್ಯಾಂಕ್. ಒತ್ತಕ್ಷರ ಕೆಳಗಿಳಿಯದೆ ಸಾಲಾಗಿ ನಿಂತರೆ ಅಕ್ಷರ ಜೋಡಿಸುವ ತಂತ್ರಾಂಶ ಕೆಲಸ ಮಾಡುತ್ತಿಲ್ಲ ಎಂದರ್ಥ. ಫಾಂಟ್ ಬದಲಿಸಿದರೆ ಸರಿಹೋಗುವ ತೊಂದರೆ ಅದಲ್ಲ. ಬರೀ ಚೌಕಗಳು ಕಂಡರೆ ಫಾಂಟೇ ಇಲ್ಲ ಎಂದರ್ಥ, ಅದು ಸುಲಭ. ‘ರ‍್ಯಾಂಕ್’ ಎಂಬಲ್ಲಿ ರಕಾರ ಹೋಗಿ ಅರ್ಕಾವೊತ್ತು ಬಂದರೆ ಯಂತ್ರ ಅಗೋಚರವಾದ ಜೋಡಣೆಯ ಚಿಹ್ನೆಯನ್ನು ನುಂಗಿದೆ. ಓದಲು ಅಡ್ಡಿಯಿಲ್ಲ, ಆದರೆ ಮೇಷ್ಟ್ರುಗಳು ಬಿಡುವುದಿಲ್ಲ.

ಫಾಂಟ್ ಹಾಕುವುದು ಹೀಗೆ. ನೋಟೊ ಸೆರಿಫ್ ಕನ್ನಡ ಇಳಿಸಿಕೊಳ್ಳಿ. ಗೂಗಲ್ ಫಾಂಟ್ಸ್‌ನಿಂದ ಬರುವ ಜಿಪ್‌ನಲ್ಲಿ ಎದುರಿಗೇ ಇರುವುದು ವೇರಿಯಬಲ್ ಫೈಲು; ಅದು ಬೇಡ, ಹಲವು ಯಂತ್ರಗಳಿಗೆ ಹಿಡಿಸುವುದಿಲ್ಲ. ಒಳಗಿನ ಸ್ಟ್ಯಾಟಿಕ್ ಫೋಲ್ಡರಿನಿಂದ ರೆಗ್ಯುಲರ್, ಬೋಲ್ಡ್ ಎರಡನ್ನೂ ತೆಗೆದುಕೊಳ್ಳಿ. ಯಂತ್ರವನ್ನು ಕೇಬಲ್ಲಿನಿಂದ ಕಂಪ್ಯೂಟರಿಗೆ ಜೋಡಿಸಿ, ಕಿಂಡಲ್ ಆದರೂ ಕೋಬೊ ಆದರೂ ಎಲ್ಲಕ್ಕಿಂತ ಹೊರಗಿನ ಹಂತದಲ್ಲಿ ‘ಫಾಂಟ್ಸ್’ ಎಂಬ ಫೋಲ್ಡರಿಗೆ ಹಾಕಿ (ಇಲ್ಲದಿದ್ದರೆ ಇಂಗ್ಲಿಷ್ ಸಣ್ಣಕ್ಷರಗಳಲ್ಲಿ ಅದೇ ಹೆಸರಿನದ್ದು ಮಾಡಿ). ಎಜೆಕ್ಟ್ ಕೊಟ್ಟೇ ಕೇಬಲ್ ಕೀಳಿ. ಪುಸ್ತಕ ತೆರೆದು ಅಕ್ಷರದ ಆಯ್ಕೆಯಲ್ಲಿ ಆ ಫಾಂಟನ್ನು ಆರಿಸಿ. ಪ್ರಕಾಶಕರ ಫಾಂಟ್ ಎಂಬ ಆಯ್ಕೆ ಉಳಿದಿದ್ದರೆ ನಿಮ್ಮದು ಕಾಣಿಸುವುದೇ ಇಲ್ಲ.

ಊರಿನ ಲೇಖಕರು, ಸಣ್ಣ ಪ್ರಕಾಶಕರು ‘ನಮ್ಮ ಪುಸ್ತಕವನ್ನೂ ಇದಕ್ಕೆ ಹಾಕಿಕೊಡಿ’ ಎಂದು ಪೇಜ್‌ಮೇಕರ್ ಫೈಲು ತರುವುದುಂಟು. ಡಿಟಿಪಿಯವರು ‘ನುಡಿ’ ತಂತ್ರಾಂಶದ ಹಳೆ ಎನ್‌ಕೋಡಿಂಗಿನಲ್ಲಿ ಕೂರಿಸಿದ್ದನ್ನು ಪರಿವರ್ತಕದಲ್ಲಿ ಯುನಿಕೋಡಿಗೆ ತಿರುಗಿಸಿ, ಕ್ಯಾಲಿಬರ್ ತಂತ್ರಾಂಶದಲ್ಲಿ ಇಪಬ್ (ಇ-ಪುಸ್ತಕದ ಫೈಲು) ಮಾಡಬೇಕು. ತಿರುಗಿಸಿದ ಮೇಲೆ ಮೂರನ್ನು ಹುಡುಕಿ ತಿದ್ದಿ: ಜಾಗ ತಪ್ಪಿದ ಅರ್ಕಾವೊತ್ತು, ಅಂಕಿಯ ಸೊನ್ನೆ ಬರಬೇಕಾದ ಕಡೆ ಅನುಸ್ವಾರ ಅಥವಾ ಅದರ ತಿರುಗುಮುರುಗು, ಪ್ರತಿ ಸಾಲಿನ ಕೊನೆಗೆ ಉಳಿದ ಎಂಟರ್. ಎಂಟರ್ ತೆಗೆಯದಿದ್ದರೆ ಅಕ್ಷರ ದೊಡ್ಡದು ಮಾಡಿದಾಗ ಸಾಲು ಅರ್ಧಕ್ಕೇ ತುಂಡಾಗುತ್ತದೆ. ಕರಡು ತಿದ್ದಲು ಇನ್ನೂರು ಪುಟಕ್ಕೆ ಮೂರ್ನಾಲ್ಕು ದಿನ ಬೇಕು, ಪುಟದ ಲೆಕ್ಕದಲ್ಲೇ ಕೂಲಿ ಕೇಳಿ.

‘ಸ್ವಲ್ಪ ಪುಸ್ತಕ ತುಂಬಿಸಿಕೊಡಿ’

ಎಲ್ಲರೂ ಕೇಳುತ್ತಾರೆ. ಚಿಕ್ಕಮಗಳೂರಿನಲ್ಲಿ ಕೇಳುವುದಂತೂ ತೇಜಸ್ವಿಯವರನ್ನೇ. ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಹಕ್ಕು ಇರುತ್ತದೆ. ತೇಜಸ್ವಿ ತೀರಿಕೊಂಡದ್ದು 2007ರಲ್ಲಿ, ಕುವೆಂಪು 1994ರಲ್ಲಿ. ಇಬ್ಬರದನ್ನೂ ತುಂಬಿಸುವ ಹಾಗಿಲ್ಲ. ವಾಟ್ಸಾಪ್‌ನಲ್ಲಿ ಓಡಾಡುವ ಪಿಡಿಎಫ್ ನಿಮ್ಮ ಕಂಪ್ಯೂಟರಿನಿಂದ ಗಿರಾಕಿಯ ಯಂತ್ರಕ್ಕೆ ಹೋದರೆ ಹೊಣೆ ನಿಮ್ಮದು. ಅದೇ ಪ್ರಕಾಶಕರಿಂದ ನಾಳೆ ಕಮಿಷನ್ನಿಗೆ ಪುಸ್ತಕ ತರಿಸಬೇಕಲ್ಲ! ಪಂಜೆ ಮಂಗೇಶರಾಯರು (1937), ಕೈಲಾಸಂ (1946) ಇವರ ಬರಹಗಳ ಹಕ್ಕಿನ ಅವಧಿ ಮುಗಿದಿದೆ. ನಿರಂಜನರ ಕೃತಿಗಳು ಹಂಚಲು ಅನುಮತಿಯಿರುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿವೆ. ಕನ್ನಡ ವಿಕಿಸೋರ್ಸ್‌ನಲ್ಲಿ ಸಿಗುವ ಕೃತಿಗಳನ್ನು ಅಲ್ಲಿಂದಲೇ ಇಪಬ್ ಆಗಿ ಇಳಿಸಿಕೊಳ್ಳಬಹುದು.

ಖಾತೆ, ತೆರಿಗೆ, ಮಳೆ

ಖಾತೆಯನ್ನು ಗಿರಾಕಿಯ ಸ್ವಂತ ಇಮೇಲಿನಲ್ಲಿ, ಅವರ ಫೋನಿಗೇ ಒಟಿಪಿ ಬರುವಂತೆ ತೆರೆಯಿರಿ. ಅಂಗಡಿಯ ಇಮೇಲಿನಲ್ಲಿ ತೆರೆದರೆ ಅವರ ಪಾಸ್‌ವರ್ಡ್ ಜೀವನಪೂರ್ತಿ ನಿಮ್ಮ ಕೊರಳಿಗೆ. ಅಮೆರಿಕದ ಮಗ ಕಳಿಸಿಕೊಟ್ಟ ಕಿಂಡಲ್ ತಂದರೆ ಅದು ಅಲ್ಲಿನ ಖಾತೆಗೆ ಜೋಡಿಸಿದೆಯೇ ನೋಡಿ. ಇಲ್ಲಿನ ಕಾರ್ಡಿನಲ್ಲಿ ಪುಸ್ತಕ ಕೊಳ್ಳಲಾಗದಿರುವುದಕ್ಕೆ ಹೆಚ್ಚಾಗಿ ಅದೇ ಕಾರಣ. ಕೊಂಡ ಇ-ಪುಸ್ತಕ ಅಂಗಡಿ ಮುಚ್ಚಿದರೆ ಹೋಗಬಹುದು ಎಂಬುದನ್ನೂ ಮುಚ್ಚಿಡಬೇಡಿ. ಮೈಕ್ರೋಸಾಫ್ಟ್ 2019ರಲ್ಲಿ ತನ್ನ ಇ-ಪುಸ್ತಕದಂಗಡಿ ಮುಚ್ಚಿದಾಗ ಹಣ ವಾಪಸ್ ಕೊಟ್ಟಿತು, ಪುಸ್ತಕಗಳು ಮಾಯವಾದವು. ಕಿಂಡಲ್ ಪುಸ್ತಕವನ್ನು ಕಂಪ್ಯೂಟರಿಗೆ ಇಳಿಸಿ ಕೇಬಲ್ಲಿನಲ್ಲಿ ದಾಟಿಸುವ ಸೌಲಭ್ಯವೂ 2025ರ ಫೆಬ್ರವರಿಯಲ್ಲಿ ನಿಂತಿತು.

ಬರೀ ಅಚ್ಚಿನ ಪುಸ್ತಕ ಮಾರುವವರು ವಹಿವಾಟು ಎಷ್ಟೇ ಇದ್ದರೂ ಜಿಎಸ್‌ಟಿ ನೋಂದಣಿ ಮಾಡಿಸಬೇಕಿಲ್ಲ, ಪುಸ್ತಕಕ್ಕೆ ತೆರಿಗೆಯಿಲ್ಲ. ಇ-ರೀಡರ್ ತೆರಿಗೆಯ ಸರಕು. ಪುಸ್ತಕವೂ ಸೇರಿ ವರ್ಷದ ವಹಿವಾಟು 20 ಲಕ್ಷ ದಾಟಿದ್ದರೆ (40 ಲಕ್ಷದ ಮಿತಿ ಬರೀ ಸರಕು ಮಾರುವವರಿಗೆ, ಸಜ್ಜು ಮಾಡಿದ್ದಕ್ಕೆ ಬಿಲ್ ಮಾಡುವವರಿಗಲ್ಲ), ಮೊದಲ ಯಂತ್ರ ಮಾರುವ ಮುಂಚೆ ನಿಮ್ಮ ಆಡಿಟರನ್ನು ಕಾಣಿ. ಪೆನ್ನು ಇಟ್ಟವರಿಗೆ ಇದು ಹೊಸತಲ್ಲ.

ಮಾರಿದ ಮೇಲೆ ಬರುವ ದೂರುಗಳಲ್ಲಿ ಹೆಚ್ಚಿನವು ಎರಡು. ‘ವೈಫೈ ಕಾಣಿಸುತ್ತಿಲ್ಲ’ ಎಂದರೆ ರೌಟರ್ ಅಥವಾ ಫೋನಿನ ಹಾಟ್‌ಸ್ಪಾಟ್ 5 ಗಿಗಾಹರ್ಟ್ಸ್‌ನಲ್ಲಿರುತ್ತದೆ. ಕಡಿಮೆ ಬೆಲೆಯ ಯಂತ್ರಗಳಲ್ಲಿ ಹಲವಕ್ಕೆ ತಿಳಿಯುವುದು 2.4 ಮಾತ್ರ, ಅದಕ್ಕೆ ಬದಲಿಸಿಕೊಡಿ. ‘ಅರ್ಧ ಪರದೆಯಲ್ಲಿ ಗೆರೆ ನಿಂತಿದೆ’ ಎಂದರೆ ಒಳಗಿನ ತೆಳು ಗಾಜು ಬಿರುಕು ಬಿಟ್ಟಿದೆ, ಹೊರಗೆ ಏನೂ ಕಾಣುವುದಿಲ್ಲ. ಬಸ್ಸಿನಲ್ಲಿ ಬ್ಯಾಗು ಅಮುಕಿದರೆ ಸಾಕು. ವಾರಂಟಿಯಲ್ಲಿ ಬರುವುದಿಲ್ಲ, ಪರದೆ ಹಾಕಿಸುವುದಕ್ಕಿಂತ ಹೊಸದು ಕೊಳ್ಳುವುದೇ ಮೇಲು. ಗಟ್ಟಿ ಕವರನ್ನು ಯಂತ್ರದ ಜೊತೆಯಲ್ಲೇ ಮಾರಿ. ಮಾರ್ಜಿನ್ನೂ ಅದರಲ್ಲೇ ಚೆನ್ನಾಗಿದೆ. ಮಳೆಗಾಲದಲ್ಲಿ ಚಾರ್ಜಿಂಗ್ ಕಿಂಡಿಗೆ ತೇವ ಸೇರಿದರೆ ಒರೆಸಿ, ಕಿಂಡಿ ಕೆಳಮುಖವಾಗಿಟ್ಟು ಒಂದು ರಾತ್ರಿ ಆರಲು ಬಿಟ್ಟು ಆಮೇಲೆ ಚಾರ್ಜಿಗೆ ಹಾಕಲು ಹೇಳಿ. ಒಲೆಯ ಹತ್ತಿರ ಇಟ್ಟು ಒಣಗಿಸುವುದು ಮಾತ್ರ ಬೇಡ.